ಒಂದೇ ದಿನಕ್ಕೆ ಮುಗಿದ ಆಟದ ವರ್ಷ

ಮಕ್ಕಳೇ, ತೋಟದಲ್ಲಿ ತೆಂಗಿನ ಗರಿ ಬಿದ್ದರೆ ನೀವು ಮೊದಲು ಮಾಡುವ ಕೆಲಸ ಏನು ಅಂತ ನನಗೆ ಗೊತ್ತು. ಅದರ ಬುಡ ಕತ್ತರಿಸಿ ಬ್ಯಾಟ್ ಮಾಡುತ್ತೀರಿ! ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಬೇರೆ ಯಾವುದಕ್ಕೆ ಬರ ಬಂದರೂ ಬ್ಯಾಟಿಗೆ ಬರ ಬರುವುದಿಲ್ಲ. ಅಂಥ ಬ್ಯಾಟ್ ಹಿಡಿದು ಪಕ್ಕದ ಊರಿನವರ ಮೇಲೆ ಪಂದ್ಯ ಕಟ್ಟಿ, ಮೊದಲ ದಿನವೇ ಚೆನ್ನಾಗಿ ಸೋತು ಬಂದಿದ್ದೀರಾ? ಹಾಗಿದ್ದರೆ ಈ ವಾರದ ಕತೆ ನಿಮಗೇ. ಇದರಲ್ಲಿ ಎರಡು ತಂಡಗಳಿವೆ. ಎರಡಕ್ಕೂ ಇಡೀ ವರ್ಷದ ಆಟ ಒಂದೇ ಪಂದ್ಯಕ್ಕೆ ಮುಗಿದುಹೋಯಿತು.

ಮೊದಲನೆಯದು ಬಹು ದೂರದ್ದು, ಅಮೆರಿಕದ್ದು. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಲ್ಲಿ ಒದೆಯುವ ಆಟ ಅಲ್ಲ. ಚೆಂಡು ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದುದ್ದ, ಎರಡೂ ತುದಿ ಚೂಪು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಿನವರು ಮೇಲೆ ಬಿದ್ದು ಕೆಡವಬೇಕು. ಚೆಂಡು ಕೈಯಲ್ಲೇ ಇರುವ ಆಟಕ್ಕೆ ಅವರು ಯಾಕೆ ಕಾಲಿನ ಹೆಸರಿಟ್ಟರೋ! ದುಡ್ಡು ಕೊಟ್ಟು ಆಡಿಸುವ ಅಲ್ಲಿಯ ತಂಡಗಳು 1920ರಲ್ಲಿ ಓಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಲ್ಲಿ, ಕಾರು ಮಾರುವ ಒಂದು ಮಳಿಗೆಯಲ್ಲಿ ಸಭೆ ಸೇರಿ ಒಂದು ಸಂಘ ಮಾಡಿಕೊಂಡವು. ಇವತ್ತು ಕೋಟಿ ಕೋಟಿ ಡಾಲರ್ ಓಡಾಡುವ ಎನ್‌ಎಫ್‌ಎಲ್ ಹುಟ್ಟಿದ್ದು ಹೀಗೆ.

ಮರುವರ್ಷ, 1921ರಲ್ಲಿ, ಆ ಸಂಘಕ್ಕೆ ಟೊನವಾಂಡ ಎಂಬ ಸಣ್ಣ ಊರಿನ ತಂಡವೂ ಸೇರಿತು. ನ್ಯೂಯಾರ್ಕ್ ರಾಜ್ಯದಲ್ಲಿ, ಬಫಲೋ ನಗರದ ಹತ್ತಿರದ ಊರು ಅದು. ತಂಡದ ಹೆಸರು ಕಾರ್ಡೆಕ್ಸ್. ಕಚೇರಿಯ ಲೆಕ್ಕದ ಕಾರ್ಡುಗಳನ್ನು ಜೋಡಿಸಿಡುವ ಪೆಟ್ಟಿಗೆಗಳನ್ನು ಮಾಡುವ ಕಂಪನಿಯ ಹೆಸರು ಅದು. ತಂಡ ರೋಚೆಸ್ಟರ್ ಊರಿನವರ ಮೇಲೆ ಆಡಲು ಹೋಯಿತು, 45-0 ಅಂತರದಲ್ಲಿ ಸೋತಿತು. ಸಂಘದಲ್ಲಿ ಅದು ಆಡಿದ್ದು ಅದೊಂದೇ ಪಂದ್ಯ, ಮತ್ತೆ ಅಲ್ಲಿ ಕಾಣಿಸಲೇ ಇಲ್ಲ. ಒಂದು ಪಂದ್ಯ, ಸೊನ್ನೆ ಅಂಕ, ಅಲ್ಲಿಗೆ ಮುಗಿಯಿತು.

ಇನ್ನೊಂದು ತಂಡ ನಮ್ಮದೇ. ಮೈಸೂರು ಸಂಸ್ಥಾನದ ಕ್ರಿಕೆಟ್ ತಂಡ. ಆಗ ತಿಪಟೂರೂ ತುಮಕೂರೂ ಆ ಸಂಸ್ಥಾನದೊಳಗೇ ಇದ್ದವು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. 1933ರಲ್ಲಿ ಮೈಸೂರಿಗೆ ಒಂದು ಕ್ರಿಕೆಟ್ ಸಂಸ್ಥೆ ಹುಟ್ಟಿತ್ತು. ಮರುವರ್ಷ ಇಡೀ ಭಾರತದ ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಒಂದು ಪಂದ್ಯಾವಳಿ ನಡೆಸಬೇಕೆಂದು ಸಿಮ್ಲಾದಲ್ಲಿ ಮಾತಾಯಿತು. ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಚಿನ್ನದ ಬಟ್ಟಲು ಕೊಡುತ್ತೇನೆ ಎಂದರು. ಅದಕ್ಕೆ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ನವಾನಗರದ ಜಾಮ್ ಸಾಹೇಬ್ ರಣಜಿತ್‌ಸಿಂಹಜಿಯವರ ಹೆಸರಿಟ್ಟರು. ನೀವು ಟಿ.ವಿ.ಯಲ್ಲಿ ಕೇಳುವ ರಣಜಿ ಟ್ರೋಫಿ ಅದೇ.

ಆ ರಣಜಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4, ಭಾನುವಾರ, ಮದರಾಸಿನ ಚೆಪಾಕ್ ಮೈದಾನದಲ್ಲಿ. ಮದರಾಸಿನ ಎದುರು ಮೈಸೂರು! ಮೊದಲ ಚೆಂಡು ಎಸೆದದ್ದು ಮದರಾಸಿನ ಎಂ.ಜೆ. ಗೋಪಾಲನ್, ಎದುರಿಸಿದ್ದು ಮೈಸೂರಿನ ಎನ್. ಕರ್ಟಿಸ್. ಈ ಗೋಪಾಲನ್ ಹಾಕಿಯಲ್ಲೂ ಭಾರತಕ್ಕೆ ಆಡಿದವರು. ಎರಡು ವರ್ಷದ ಮೇಲೆ ಅವರ ಮುಂದೆ ಎರಡು ದಾರಿ ಬಂದವು: ಬರ್ಲಿನ್ ಒಲಿಂಪಿಕ್ಸ್‌ನ ಹಾಕಿ, ಇಲ್ಲವೇ ಇಂಗ್ಲೆಂಡಿನ ಕ್ರಿಕೆಟ್ ಪ್ರವಾಸ. ಅವರು ಕ್ರಿಕೆಟ್ ಆರಿಸಿಕೊಂಡರು. ಹಾಕಿ ತಂಡ ಬರ್ಲಿನ್ನಿನಿಂದ ಚಿನ್ನದ ಪದಕ ತಂದಿತು. ಗೋಪಾಲನ್ ಇಂಗ್ಲೆಂಡಿನಲ್ಲಿ ಒಂದೇ ಒಂದು ಟೆಸ್ಟ್ ಪಂದ್ಯವನ್ನೂ ಆಡಲಿಲ್ಲ. ಪಾಪ.

ಚೆಪಾಕ್‌ಗೆ ಬರೋಣ. ಮೈಸೂರಿನವರನ್ನು ಕಾಡಿದವರು ಎ.ಜಿ. ರಾಮ್ ಸಿಂಗ್, ಮದರಾಸಿನಲ್ಲಿ ನೆಲೆಸಿದ್ದ ಸಿಖ್ಖರು, ಎಡಗೈ ಸ್ಪಿನ್ ಬೌಲರ್. ಮುಂದೆ ಇವರ ಇಬ್ಬರು ಮಕ್ಕಳು ಭಾರತಕ್ಕೆ ಟೆಸ್ಟ್ ಆಡಿದರು. ಮೈಸೂರು ಮೊದಲು ಬ್ಯಾಟ್ ಮಾಡಿ 48 ರನ್ನಿಗೆ ಆಲೌಟ್. ರಾಮ್ ಸಿಂಗರಿಗೆ 19 ರನ್ನಿಗೆ 6 ವಿಕೆಟ್. ಮದರಾಸು 130 ರನ್ ಮಾಡಿತು. ಮೈಸೂರು ಎರಡನೇ ಸಲ ಬ್ಯಾಟ್ ಹಿಡಿದು 59ಕ್ಕೆ ಆಲೌಟ್. ರಾಮ್ ಸಿಂಗರಿಗೆ ಈ ಸಲ 16 ರನ್ನಿಗೆ 5. ದಿನಗಟ್ಟಲೆ ನಡೆಯಬೇಕಾದ ಪಂದ್ಯ ಅದೇ ಭಾನುವಾರ ಮುಗಿಯಿತು!

ಮದರಾಸು ಇನಿಂಗ್ಸ್ ಮತ್ತು 23 ರನ್ನುಗಳಿಂದ ಗೆದ್ದಿತು ಎಂದು ದಾಖಲೆ. ಈ ಮಾತು ಅಜ್ಜಿಗೆ ಅರ್ಥವಾಗದಿದ್ದರೆ ಹೀಗೆ ಹೇಳಿ: ಒಬ್ಬರು ತಮ್ಮ ತೋಟದಲ್ಲಿ ಒಂದು ಸಲ ಕಾಯಿ ಕೀಳಿಸಿದಾಗ 130 ಕಾಯಿ ಬಂತು. ಪಕ್ಕದವರು ಎರಡು ಸಲ ಕೀಳಿಸಿದರು, ಒಮ್ಮೆ 48, ಇನ್ನೊಮ್ಮೆ 59. ಎರಡನ್ನೂ ಒಟ್ಟಿಗೆ ಸುರಿದು ಎಣಿಸಿದರೂ ಮೊದಲನೆಯವರ ರಾಶಿಗೆ ಇನ್ನೂ 23 ಕಾಯಿ ಕಡಿಮೆ. ಆ 23ನ್ನು ನೀವೇ ಕೂಡಿಸಿ ಕಳೆದು ನೋಡಿ.

ಸೋತವರು ಮನೆಗೆ ಹೋಗಬೇಕು ಎಂಬುದು ಆಗಿನ ನಿಯಮ. ಹಾಗಾಗಿ ಮೈಸೂರಿನ ಆ ವರ್ಷದ ರಣಜಿ ಬೆಳಗ್ಗೆ ಶುರುವಾಗಿ ಸಂಜೆಗೆ ಮುಗಿಯಿತು. ಇಲ್ಲಿಯವರೆಗೆ ಟೊನವಾಂಡಕ್ಕೂ ಮೈಸೂರಿಗೂ ಹೆಚ್ಚೇನೂ ವ್ಯತ್ಯಾಸ ಇಲ್ಲ, ಅಲ್ಲವೇ?

ಆದರೆ ಮೈಸೂರಿನವರು ಮತ್ತೆ ಬಂದರು. 1941-42ರಲ್ಲಿ ಫೈನಲ್ಲಿಗೇ ಹೋದರು. ಅಲ್ಲಿ ಬೊಂಬಾಯಿಯವರು ಇನ್ನೊಂದು ಇನಿಂಗ್ಸ್ ಸೋಲಿನ ರುಚಿ ತೋರಿಸಿ ಕಳಿಸಿದರು.

1945-46ರ ಸೆಮಿಫೈನಲ್ ಇನ್ನೂ ಭಾರಿ. ಅದು ಇಂದೂರಿನಲ್ಲಿ, ಸಿ.ಕೆ. ನಾಯುಡು ಅವರ ಹೋಳ್ಕರ್ ತಂಡದ ಎದುರು. ಹೋಳ್ಕರ್‌ನವರು ಬ್ಯಾಟ್ ಹಿಡಿದರು, ಹಿಡಿದೇ ಇದ್ದರು. ಒಂದೇ ಇನಿಂಗ್ಸ್‌ನಲ್ಲಿ ಆರು ಮಂದಿ ಶತಕ ಹೊಡೆದರು. 8 ವಿಕೆಟ್ಟಿಗೆ 912 ರನ್! ನಮ್ಮ ಬಿ.ಕೆ. ಗರುಡಾಚಾರ್ ಒಬ್ಬರೇ 69 ಓವರ್ ಬೌಲ್ ಮಾಡಿದರು. ಓವರಿಗೆ ಆರರಂತೆ ಎಷ್ಟು ಚೆಂಡಾಯಿತು? 414. ಅಷ್ಟಕ್ಕೆ ಅವರು ಕೊಟ್ಟ ರನ್ 301, ಸಿಕ್ಕ ವಿಕೆಟ್ ನಾಲ್ಕು. ಬೌಲರ್ ಮುನ್ನೂರು ರನ್ ಕೊಟ್ಟರು ಎಂದು ಜನ ನಗುತ್ತಾರೆ. ಆ ಬಿಸಿಲಲ್ಲಿ 414ನೆಯ ಚೆಂಡನ್ನೂ ಎಸೆಯಲು ಕೈ ಎತ್ತಿದರಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಮೈಸೂರು ತನ್ನ ಮೊದಲ ಇನಿಂಗ್ಸ್‌ನಲ್ಲಿ 190 ಮಾಡಿತು. ಪಂದ್ಯ ಕೈಬಿಟ್ಟುಹೋಗಿದೆ ಎಂದು ಮೈದಾನದ ಕಾಗೆಗೂ ಗೊತ್ತಿತ್ತು. ಹಾಗಿದ್ದೂ ಎರಡನೇ ಇನಿಂಗ್ಸ್‌ನಲ್ಲಿ ಮೈಸೂರಿನವರು 500 ದಾಟಿದರು. ಹನ್ನೊಂದು ವರ್ಷದ ಹಿಂದೆ ಎರಡು ಇನಿಂಗ್ಸ್ ಸೇರಿಸಿ 107 ಮಾಡಿದ್ದ ತಂಡ! ಸೋತದ್ದೇನೋ ಸೋತರು. ಮೈಸೂರು ತಂಡದ ಹಳೆಯ ಕತೆಗಳಲ್ಲಿ ನನಗೆ ಬಹಳ ಇಷ್ಟವಾದ ಇನಿಂಗ್ಸ್ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ.

1959-60ರಲ್ಲಿ ಮತ್ತೊಮ್ಮೆ ಫೈನಲ್, ಮತ್ತೊಮ್ಮೆ ಬೊಂಬಾಯಿ, ಮತ್ತೊಮ್ಮೆ ಸೋಲು. ಆ ಕಾಲದಲ್ಲಿ ಬೊಂಬಾಯಿಯನ್ನು ಯಾರೂ ಅಲ್ಲಾಡಿಸಲು ಆಗುತ್ತಿರಲಿಲ್ಲ. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ಬಟ್ಟಲು ಅವರ ಮನೆಯಲ್ಲೇ ಇತ್ತು.

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ತಂಡದ ಹೆಸರೂ ಬದಲಾಯಿತು. ಮುಂದಿನ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಿಗೆ ಯಾರು? ಅದೇ ಬೊಂಬಾಯಿ! ನಮ್ಮ ನಾಯಕರು ಪ್ರಸನ್ನ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ಕರ್ನಾಟಕ 385. ಬೊಂಬಾಯಿ ಬ್ಯಾಟ್ ಮಾಡುವಾಗ ಪ್ರಸನ್ನ ಅವರ ಚೆಂಡು ಗಾವಸ್ಕರರ ಗೂಟ ಹಾರಿಸಿತು. ನಾಯಕ ಅಜಿತ್ ವಾಡೇಕರ್ ರನ್ ಓಡುವಾಗ ಕಾಲು ಜಾರಿ ರನ್ ಔಟ್ ಆದರು. ಬೊಂಬಾಯಿ 307ಕ್ಕೆ ನಿಂತಿತು. ಇಂಥ ಪಂದ್ಯ ಪೂರ್ತಿ ಮುಗಿಯದಿದ್ದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರಿಗೆ ಗೆಲುವು. ನಾವು 78 ರನ್ ಮುಂದಿದ್ದೆವು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ, ಚೆಪಾಕ್‌ನ ಆ ಭಾನುವಾರದ ನಲವತ್ತನೇ ವರ್ಷಕ್ಕೆ, ರಣಜಿ ಬಟ್ಟಲನ್ನು ಮೊದಲ ಸಲ ಮನೆಗೆ ತಂದರು.

ಆಗ ಹೈಸ್ಕೂಲಿನಲ್ಲಿದ್ದ ಹುಡುಗರು ಈಗ ನಿಮ್ಮ ತಾತಂದಿರು. ಸಂಜೆ ಕಾಯಿ ಸುಲಿದು ಜಗುಲಿಗೆ ಬಂದು ಕೂತಾಗ, ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಹೇಗಿತ್ತು ಅಂತ ಕೇಳಿ ನೋಡಿ. ಮಾತಿನಲ್ಲಿ ಹೇಳಲಾಗದೆ ಎದ್ದು ನಿಂತು ಕೈ ಬೀಸಿ ತೋರಿಸುತ್ತಾರೆ. ಪಕ್ಕದಲ್ಲಿ ಚೊಂಬು, ಲೋಟ ಇದ್ದರೆ ಮೊದಲೇ ತೆಗೆದಿಡಿ.