ಗೊಟಗೋಡಿಯಲ್ಲೊಂದು ಕಮಲಾ ಸೊಹೊನಿ ಸಂಕಿರಣ ನಡೆಯಲಿ

ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ನಿವೃತ್ತರಾದದ್ದು 1969ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ದೆಹಲಿಗೆ ಕರೆಸಿ ಅವರನ್ನು ಗೌರವಿಸಿದ್ದು 1998ರಲ್ಲಿ. ಆ ಸಮಾರಂಭದಲ್ಲೇ ಅವರು ಕುಸಿದರು, ಸ್ವಲ್ಪ ಕಾಲದಲ್ಲೇ ತೀರಿಕೊಂಡರು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ನಿಲ್ಲುವವರಿಗೆ ಪರಿಷತ್ತಿನ ಮೆಚ್ಚುಗೆ ಮುಟ್ಟಿದ ಹೊತ್ತು ಅದು.

ಅವರ ಸಂಶೋಧನೆಯ ದಾರಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಮುಂಬೈ ವಿಶ್ವವಿದ್ಯಾಲಯದ ಪದವಿ ಮುಗಿಸಿದ ಕಮಲಾ ಭಾಗವತ್ (ಮದುವೆಗೆ ಮೊದಲಿನ ಹೆಸರು) 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಅಲ್ಲಿಯೇ ಓದಿದ ರಸಾಯನ ವಿಜ್ಞಾನಿಗಳು. ಆದರೂ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಹಿಂದಿರುಗಲಿಲ್ಲ, ರಾಮನ್ ಎದುರಿಗೇ ಪಟ್ಟು ಹಿಡಿದರು. ಕೊನೆಗೆ ಸೀಟು ಸಿಕ್ಕಿತು, ಷರತ್ತುಗಳ ಜೊತೆಗೆ: ಒಂದು ವರ್ಷ ಪರೀಕ್ಷಾರ್ಥಿ, ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಅದಕ್ಕೆ ಮಾನ್ಯತೆಯಿಲ್ಲ. ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯನವರು ಕಟ್ಟುನಿಟ್ಟಿನ ಗುರು. ಅವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದ ಕಮಲಾ 1936ರಲ್ಲಿ ಎಂ.ಎಸ್ಸಿ. ಪಡೆದರು. ಅವರ ದುಡಿಮೆ ಕಂಡ ರಾಮನ್ ಮುಂದೆ ಹೆಣ್ಣುಮಕ್ಕಳಿಗೆ ಸಂಸ್ಥೆಯ ಬಾಗಿಲು ತೆರೆದರು.

ಅಲ್ಲಿಂದ ಕೇಂಬ್ರಿಜ್. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಸಸ್ಯಗಳಲ್ಲಿಯೂ ಇದೆಯೆಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಬಂತು, ಪ್ರಬಂಧದ ಉದ್ದ ಕೇವಲ 40 ಪುಟ. ಪಶ್ಚಿಮದಲ್ಲೇ ಉಳಿಯಬಹುದಿತ್ತು. ಅದೇ ವರ್ಷ ಮರಳಿ ಬಂದು ದೆಹಲಿ, ಕೂನೂರುಗಳಲ್ಲಿ ಸೇವೆ ಸಲ್ಲಿಸಿ, ಮದುವೆಯ ನಂತರ ಮುಂಬೈಯಲ್ಲಿ ನೆಲೆಸಿದರು. ಬಡವರ ತಟ್ಟೆಯಲ್ಲಿ ಏನಿದೆ, ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂಬುದೇ ಅವರ ಜೀವಮಾನದ ಪ್ರಶ್ನೆಯಾಯಿತು. ಬೇಳೆಕಾಳು, ಅಕ್ಕಿಹಿಟ್ಟು, ನೀರಾ ಎಲ್ಲವೂ ಅವರ ಪ್ರಯೋಗಾಲಯಕ್ಕೆ ಬಂದವು. ನೀರಾ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿಯೂ ಸಿಕ್ಕಿತು.

ಹಾವೇರಿ ಜಿಲ್ಲೆಯ ಓದುಗರಿಗೆ ಹೇಳಬೇಕಾದ ಸಂಗತಿ ಇದರ ನಡುವೆಯೇ ಇದೆ. 1955ರಲ್ಲಿ ಸೊಹೊನಿ ತಮ್ಮ ಸಹೋದ್ಯೋಗಿಯೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ನಮ್ಮ ಅವರೆಕಾಳನ್ನು ಕುರಿತದ್ದು. ಹಸಿ ಅವರೆಯಲ್ಲಿ ಕೆಲವು ಪ್ರೋಟೀನುಗಳಿವೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಇವು ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುತ್ತವೆ. ಸೊಹೊನಿಯವರ ತಂಡ ಅವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ತೋರಿಸಿತು. ಕಾಳು ಚೆನ್ನಾಗಿ ಬೆಂದರೆ ಇವುಗಳ ಬಹುಪಾಲು ಶಕ್ತಿ ಉಡುಗುತ್ತದೆ. ಮೊಳಕೆ ಬರಿಸಿದರೂ ಅನೇಕ ಕಾಳುಗಳಲ್ಲಿ ಕುಗ್ಗುತ್ತದೆ.

ಕಾಳು ನೆನೆಹಾಕುವುದು, ನೀರು ಚೆಲ್ಲುವುದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ಮೆತ್ತಗಾಗುವವರೆಗೆ ಬೇಯಿಸುವುದು ಶಿಗ್ಗಾಂವ, ಹಾನಗಲ್ಲ, ಸವಣೂರು, ಹಿರೇಕೆರೂರ ಕಡೆಯ ಅಡುಗೆಮನೆಗಳ ದಿನನಿತ್ಯದ ಕೆಲಸ. ಮಡಿಕೆಕಾಳಿನ ಪಲ್ಯವಿಲ್ಲದೆ ಜೋಳದ ರೊಟ್ಟಿಯ ಊಟವನ್ನು ಇಲ್ಲಿ ನೆನೆಯುವುದೂ ಕಷ್ಟ. ಅವ್ವ, ಅಜ್ಜಿಯರಿಂದ ಬಂದ ಈ ತಿಳಿವಳಿಕೆಯೂ ಸೊಹೊನಿಯವರ ಪ್ರಯೋಗಾಲಯವೂ ಒಂದೇ ಕಾಳಿನ ಬಗ್ಗೆ ಮಾತಾಡುತ್ತಿವೆ. ಎರಡನ್ನೂ ಒಂದೇ ವೇದಿಕೆಯಲ್ಲಿ ಕೂರಿಸುವ ಕೆಲಸ ಆಗಬೇಕು.

ಅದಕ್ಕೆ ಶಿಗ್ಗಾಂವ ತಾಲ್ಲೂಕಿನ ಗೊಟಗೋಡಿಗಿಂತ ತಕ್ಕ ಸ್ಥಳ ಬೇರೆ ಹುಡುಕಬೇಕಿಲ್ಲ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಟಿ.ಬಿ. ಸೊಲಬಕ್ಕನವರ ಹಳ್ಳಿಬದುಕನ್ನು ಶಿಲ್ಪಗಳಲ್ಲಿ ಕಟ್ಟಿಕೊಟ್ಟ ಉತ್ಸವ ರಾಕ್ ಗಾರ್ಡನ್ ಕೂಡ ಅಲ್ಲೇ ಇದೆ. ಇದೇ ಜಿಲ್ಲೆಯ ಹನುಮನಮಟ್ಟಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಇವರೆಲ್ಲ ಸೇರಿದರೆ ಎರಡು ದಿನಗಳ ಒಳ್ಳೆಯ ಸಂಕಿರಣವಾಗುತ್ತದೆ.

ಸೊಹೊನಿ ಕನ್ನಡದವರಲ್ಲ, ಈ ನೆಲಕ್ಕೂ ಅವರಿಗೂ ಏನು ಸಂಬಂಧ ಎಂದು ಕೇಳುವವರಿರಬಹುದು. ಅವರು ಹುಟ್ಟಿದ್ದು ಇಂದೋರಿನಲ್ಲಿ, ನಿಜ. ಆದರೆ ಅವರನ್ನು ವಿಜ್ಞಾನಿಯಾಗಿ ರೂಪಿಸಿದ ಪ್ರಯೋಗಾಲಯ ಕರ್ನಾಟಕದ್ದು, ಕಲಿಸಿದ ಗುರು ಇಲ್ಲಿನವರ ನಡುವೆ ಬಾಳಿದವರು, ಅವರು ಶೋಧಿಸಿದ ಅವರೆ ನಮ್ಮ ಹೊಲದ ಬೆಳೆ. ಜಾನಪದ ವಿಶ್ವವಿದ್ಯಾಲಯಕ್ಕೆ ಕಿಣ್ವಗಳ ಗೊಡವೆ ಏಕೆ ಎಂಬ ಆಕ್ಷೇಪವೂ ನಿಲ್ಲದು. ಅಡುಗೆ ಜಾನಪದದ ದೊಡ್ಡ ಭಾಗ, ಅದರ ಒಳಗುಟ್ಟು ಜೀವರಸಾಯನ.

ವಿಜ್ಞಾನಿಗಳು ತಮ್ಮ ಹಿರಿಯರನ್ನು ಗೌರವಿಸುವ ಒಂದು ರೀತಿ ನಮ್ಮ ಸಾರ್ವಜನಿಕ ಬದುಕಿಗೂ ಬೇಕು. ಅಲ್ಲಿ ಹೊಗಳಿಕೆಯ ಭಾಷಣ ಚಿಕ್ಕದು. ಆ ಹಿರಿಯರು ಬಿಟ್ಟುಹೋದ ಪ್ರಶ್ನೆಗಳನ್ನು ಕೈಗೆತ್ತಿಕೊಂಡ ಕಿರಿಯರು ಹೊಸದಾಗಿ ಕಂಡದ್ದನ್ನು ಮಂಡಿಸುತ್ತಾರೆ, ತಪ್ಪು ಕಂಡರೆ ಎದ್ದು ಹೇಳುತ್ತಾರೆ, ವಾದ ನಡೆಯುತ್ತದೆ. ಶಾಲು ಹೊದಿಸಿ ಫಲತಾಂಬೂಲ ಕೊಟ್ಟು ಮುಗಿಸುವ ಸನ್ಮಾನದಲ್ಲಿ ಪ್ರೀತಿ ಇದೆ. ಕೆಲಸ ಮುಂದುವರಿಯುವ ಏರ್ಪಾಟು ಇಲ್ಲ. 2023ರ ಜನವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು ನಡೆಸಿಕೊಟ್ಟ ಹಾವೇರಿಗೆ ಇಂಥ ಸಭೆ ಭಾರವಾಗದು.

ದಿನವನ್ನೂ ಗೊತ್ತುಮಾಡಬಹುದು. ಫೆಬ್ರುವರಿ 11 ವಿಜ್ಞಾನದಲ್ಲಿರುವ ಮಹಿಳೆಯರ, ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ದಿನ. ಮಂಡನೆಗಳೆಲ್ಲ ಕನ್ನಡದಲ್ಲಿರಲಿ. ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆಯರು ವೇದಿಕೆಯ ಮೇಲೆ ಕೂತು ಮಾತಾಡಲಿ. ಪಿಯು ಕಾಲೇಜಿನ ಹುಡುಗಿಯರು ಹಸಿ, ಮೊಳೆತ, ಬೆಂದ ಅವರೆಯನ್ನು ಟ್ರಿಪ್ಸಿನ್ ಜೊತೆ ಪರೀಕ್ಷಿಸಿ ಕಂಡದ್ದನ್ನು ತಾವೇ ಹೇಳಲಿ. ಪ್ರಬಂಧಗಳು ಪುಸ್ತಕವಾಗಿ ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಅದೇ ವರ್ಷ ತಲುಪಲಿ. ಎರಡನೆಯ ವರ್ಷದ ವಿಷಯವಾಗಿ ನೀರಾ ಹೇಗೂ ಕಾದಿದೆ.