ಅವಳಿನಗರದಲ್ಲಿ ಕಂಪ್ಯೂಟರ್ ಸೀಟು ಹೆಚ್ಚಿತು, ಕೆಲಸ ಎಲ್ಲಿ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಸಮೀಪ ಎದ್ದು ನಿಂತಿರುವ ಇನ್ಫೋಸಿಸ್ ಕ್ಯಾಂಪಸ್ಸಿನ ಕತೆ ಉತ್ತರ ಕರ್ನಾಟಕದ ಮಾಹಿತಿ ತಂತ್ರಜ್ಞಾನ ಕನಸಿನ ಕತೆಯೂ ಹೌದು. ಕಟ್ಟಡ ಸಿದ್ಧವಾಗಿ ವರ್ಷಗಳು ಉರುಳಿದರೂ ಅದರ ಬಾಗಿಲು ತೆರೆಯಲಿಲ್ಲ. ಕೆಲಸ ಆರಂಭಿಸಿರೆಂದು ಇಲ್ಲಿನ ಯುವಕರು ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನವನ್ನೇ ನಡೆಸಬೇಕಾಯಿತು. ಅಂತೂ 2022ರ ಆಗಸ್ಟ್‌ನಲ್ಲಿ ಕ್ಯಾಂಪಸ್ ಕಾರ್ಯಾರಂಭ ಮಾಡಿತು. ಭೂಮಿ ಪಡೆದ ಕಂಪನಿ ಸ್ಥಳೀಯರಿಗೆ ಉದ್ಯೋಗ ಕೊಟ್ಟಿಲ್ಲವೆಂದು 2024ರಲ್ಲಿ ಶಾಸಕ ಅರವಿಂದ ಬೆಲ್ಲದ ಅವರು ವಿಧಾನಸಭೆಯಲ್ಲಿ ಆಕ್ಷೇಪ ಎತ್ತಿದರು. ಮತ್ತೊಂದು ಸುದ್ದಿಯೂ ಬಂತು. ಬೇರೆ ಊರುಗಳ ಕೇಂದ್ರಗಳಲ್ಲಿ ದುಡಿಯುತ್ತಿರುವ ಈ ಭಾಗದ ನೌಕರರು ಹುಬ್ಬಳ್ಳಿಗೆ ವರ್ಗವಾಗಿ ಬಂದರೆ, ಅವರವರ ಶ್ರೇಣಿಗೆ ತಕ್ಕಂತೆ 1.25 ಲಕ್ಷದಿಂದ 8 ಲಕ್ಷ ರೂಪಾಯಿವರೆಗೆ ಕಂತುಗಳಲ್ಲಿ ಪ್ರೋತ್ಸಾಹಧನ ಕೊಡುವುದಾಗಿ ಕಂಪನಿ ಹೇಳಿತ್ತು.

ಈ ಕೊನೆಯ ಸಂಗತಿಯನ್ನು ತುಸು ಬಿಡಿಸಿ ನೋಡಬೇಕು. ಭಾನುವಾರ ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡುವ ಬಸ್ಸು, ರೈಲುಗಳನ್ನು ಕಂಡವರಿಗೆ ಗೊತ್ತು, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿದ ತರುಣ ತರುಣಿಯರದೇ ಅಲ್ಲಿ ದೊಡ್ಡ ಪಾಲು. ಹಬ್ಬ, ಜಾತ್ರೆ, ಮದುವೆಗೆಂದು ನಾನೂರು ಕಿಲೋಮೀಟರ್ ಓಡಿ ಬರುವ ಇವರನ್ನು ತಮ್ಮ ಊರಿನಲ್ಲೇ ಕೆಲಸ ಮಾಡಲು ಹಣ ಕೊಟ್ಟು ಕರೆಯಬೇಕಾಗಿ ಬಂದದ್ದು ಏಕೆ? ಉತ್ತರ ಸಂಬಳದಲ್ಲಿ ಇಲ್ಲ. ಬೆಂಗಳೂರಿನಲ್ಲಿ ಒಂದು ಕಂಪನಿ ಬಿಟ್ಟರೆ ಮರುತಿಂಗಳು ಇನ್ನೊಂದು ಸಿಕ್ಕೀತೆಂಬ ಧೈರ್ಯವಿದೆ. ಗಂಡ ಹೆಂಡತಿ ಇಬ್ಬರಿಗೂ ಅದೇ ಊರಿನಲ್ಲಿ ಕೆಲಸ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಆ ಒಂದು ಕೆಲಸ ಹೋದರೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಒಂದು ದೊಡ್ಡ ಕಟ್ಟಡದಿಂದ ಉದ್ಯೋಗದ ಪೇಟೆ ಹುಟ್ಟುವುದಿಲ್ಲ. ಈ ಪ್ರೋತ್ಸಾಹಧನ ಈಗಾಗಲೇ ನೌಕರಿಯಲ್ಲಿ ಇರುವವರಿಗೆ ಸಂಬಂಧಿಸಿದ್ದು, ಈ ವರ್ಷ ಪದವಿ ಮುಗಿಸಿ ಮನೆಗೆ ಬಂದು ಕೂತ ಹುಡುಗನಿಗಲ್ಲ ಎಂಬುದನ್ನೂ ಮರೆಯಬಾರದು. ದೊಡ್ಡ ಐಟಿ ಕಂಪನಿಗಳು ಹೊಸಬರನ್ನು ಊರು ನೋಡಿ ಆರಿಸುವುದಿಲ್ಲ. ದೇಶದುದ್ದಕ್ಕೂ ಆರಿಸಿ, ತರಬೇತಿ ಕೊಟ್ಟು, ಯೋಜನೆ ಇದ್ದಲ್ಲಿಗೆ ಕಳಿಸುತ್ತವೆ.

ಆದರೂ ನಮ್ಮ ಪಾಲಕರ ನಂಬಿಕೆ ಗಟ್ಟಿ. ಊರಿಗೆ ಬಂದ ನೀರು ಕೇರಿಗೆ ಬಾರದೆ ಇದ್ದೀತೇ ಎಂಬ ಭರವಸೆಯಲ್ಲಿ ಮಕ್ಕಳನ್ನು ಕಂಪ್ಯೂಟರ್ ಸೈನ್ಸ್‌ಗೆ ಸೇರಿಸುತ್ತಿದ್ದಾರೆ. ಸೇರಿಸಲು ಇಲ್ಲಿ ಸಂಸ್ಥೆಗಳ ಕೊರತೆಯೇನೂ ಇಲ್ಲ. 1947ರಲ್ಲಿ ಸ್ಥಾಪನೆಯಾದ ವಿದ್ಯಾನಗರದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದ ಧವಳಗಿರಿಯಲ್ಲಿ 1979ರಿಂದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಇವಲ್ಲದೆ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಬಿಸಿಎ ಕಾಲೇಜುಗಳಿವೆ. ಇದರ ಮೇಲೆ, ಒಂದು ವಿಭಾಗಕ್ಕೆ ಇಂತಿಷ್ಟೇ ಸೀಟು ಎಂದಿದ್ದ ಮಿತಿಯನ್ನು ಉತ್ತಮ ಸಾಧನೆಯ ಕಾಲೇಜುಗಳ ಮಟ್ಟಿಗೆ ಎಐಸಿಟಿಇ 2024-25ನೇ ಸಾಲಿನಿಂದ ಸಡಿಲಿಸಿತು. ಸಿವಿಲ್, ಮೆಕ್ಯಾನಿಕಲ್ ತರಗತಿಗಳು ತೆಳುವಾದವು. ಕಂಪ್ಯೂಟರ್ ಸೈನ್ಸ್ ಮತ್ತು ಅದರ ತಮ್ಮಂದಿರಂತಿರುವ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ವಿಭಾಗಗಳು ತುಂಬಿ ತುಳುಕಿದವು. ಐಐಟಿ, ಐಐಐಟಿಗಳಿಗೆ ಪ್ರವೇಶ ಅಖಿಲ ಭಾರತ ಮಟ್ಟದ್ದು. ಅಲ್ಲಿಂದ ಹೊರಬರುವವರ ಚಿಂತೆ ಬೇರೆ. ಇಲ್ಲಿ ನಮಗೆ ಸಂಬಂಧಿಸಿದ್ದು ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಯಿಂದ ಬಂದು, ಶಿಕ್ಷಣ ಸಾಲ ಮಾಡಿ ಓದುವ ಹುಡುಗ ಹುಡುಗಿಯರ ಮಾತು.

ನೇಮಕಾತಿ ಪತ್ರ ಬೇರೆ, ನೌಕರಿ ಬೇರೆ

ಇವರು ಕಾಲೇಜಿಗೆ ಸೇರುವಾಗ ಕಂಡ ಪೇಟೆ ಇಂದಿಲ್ಲ. ಕೋವಿಡ್ ಕಾಲದ ಬೇಡಿಕೆಯ ಉಬ್ಬರದಲ್ಲಿ, 2021-22ರ ಒಂದೇ ವರ್ಷ ಟಿಸಿಎಸ್ ಸುಮಾರು ಒಂದು ಲಕ್ಷ, ಇನ್ಫೋಸಿಸ್ ಸುಮಾರು 85 ಸಾವಿರ ಹೊಸಬರನ್ನು ಸೇರಿಸಿಕೊಂಡಿದ್ದವು. ಎರಡೇ ವರ್ಷದಲ್ಲಿ ಚಕ್ರ ಹಿಂದಕ್ಕೆ ತಿರುಗಿತು. 2023-24ರಲ್ಲಿ ಇನ್ಫೋಸಿಸ್ ನೌಕರರ ಒಟ್ಟು ಸಂಖ್ಯೆ 25,994ರಷ್ಟು, ಟಿಸಿಎಸ್‌ನದು 13,249ರಷ್ಟು ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟನ್ನು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿತ ಮಾಡುವುದಾಗಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಶ್ರೇಣಿಯವರು.

ಕೈಗೆ ಬಂದ ತುತ್ತು ಬಾಯಿಗೆ ಬಾರದ ಪ್ರಸಂಗವೂ ನಡೆಯಿತು. 2022ರ ತಂಡದಲ್ಲಿ ಇನ್ಫೋಸಿಸ್‌ಗೆ ಆಯ್ಕೆಯಾದ ಸುಮಾರು 2,000 ಪದವೀಧರರು ಎರಡು ವರ್ಷಕ್ಕೂ ಹೆಚ್ಚು ಕಾಲ ಸೇರ್ಪಡೆಯ ದಿನಾಂಕಕ್ಕಾಗಿ ಕಾದರು. 2024ರ ಅಕ್ಟೋಬರ್ ಹೊತ್ತಿಗೆ ಅವರಲ್ಲಿ ಹಲವರು ಮೈಸೂರಿನ ತರಬೇತಿ ಕೇಂದ್ರ ಸೇರಿದರು. 2025ರ ಫೆಬ್ರುವರಿಯಲ್ಲಿ, ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು 300ಕ್ಕೂ ಹೆಚ್ಚು ತರಬೇತಿನಿರತರನ್ನು ಕೈಬಿಡಲಾಯಿತು. ಮೂರು ಅವಕಾಶ ಕೊಟ್ಟಿದ್ದೆವೆಂಬುದು ಕಂಪನಿಯ ಸಮರ್ಥನೆ. ವಿಷಯ ಕೇಂದ್ರ ಕಾರ್ಮಿಕ ಸಚಿವಾಲಯದವರೆಗೂ ಹೋಯಿತು. ಸರಿ ತಪ್ಪಿನ ತೀರ್ಮಾನ ಏನೇ ಇರಲಿ, ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದ ದಿನವೇ ಪೇಢೆ ಹಂಚಿ ಓದು ನಿಲ್ಲಿಸುವ ನಮ್ಮ ರೂಢಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ. ಕೌಶಲಕ್ಕೆ ತುಕ್ಕು ಹಿಡಿಯುವುದು ಕಾಯುವ ಆ ತಿಂಗಳುಗಳಲ್ಲಿಯೇ.

ಸಂಬಳದ ಲೆಕ್ಕವನ್ನೂ ನೋಡೋಣ. ಸಾಮಾನ್ಯ ದರ್ಜೆಯ ಹೊಸಬರಿಗೆ ದೊಡ್ಡ ಕಂಪನಿಗಳು ಕೊಡುವ ವಾರ್ಷಿಕ ಮೊತ್ತ ಹತ್ತು ವರ್ಷಕ್ಕೂ ಮೇಲ್ಪಟ್ಟು ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ನಿಂತಿದೆ. 3.6 ಲಕ್ಷವೆಂದರೆ ತಿಂಗಳಿಗೆ 30 ಸಾವಿರ. ಭವಿಷ್ಯನಿಧಿ ಮುಂತಾದವು ಕಡಿತವಾಗಿ, ಬೆಂಗಳೂರಿನ ಪಿಜಿ ಬಾಡಿಗೆ, ಓಡಾಟ, ಊಟ ಕಳೆದು, ಸಾಲದ ಕಂತು ಕಟ್ಟಿದ ಮೇಲೆ ಊರಿಗೆ ಕಳಿಸಲು ಉಳಿಯುವುದು ಅಷ್ಟಕ್ಕಷ್ಟೆ. ಅದೇ ಕಂಪನಿಗಳು ಕಠಿಣ ಪ್ರೋಗ್ರಾಮಿಂಗ್ ಪರೀಕ್ಷೆ ದಾಟಿದವರಿಗೆ ಆರು, ಏಳು, ಒಂಬತ್ತು ಲಕ್ಷದ ಬೇರೆ ಶ್ರೇಣಿಗಳನ್ನು ಇಟ್ಟಿವೆ. ಒಂದೇ ತರಗತಿಯಲ್ಲಿ ಕೂತ ಇಬ್ಬರ ನಡುವೆ ಎರಡು ಪಟ್ಟಿನ ಅಂತರ ಬೀಳುವುದು ಅಂಕಪಟ್ಟಿಯಿಂದಲ್ಲ, ಆ ಪರೀಕ್ಷೆಯಿಂದ.

ಸಂಕಲ್ಪದ ಉದಾಹರಣೆ

ಹಾಗಾದರೆ ಅವಳಿನಗರದಲ್ಲಿ ತಂತ್ರಜ್ಞಾನದ ಕೆಲಸ ಹುಟ್ಟಿಯೇ ಇಲ್ಲವೇ? ಹುಟ್ಟಿದೆ, ಸದ್ದಿಲ್ಲದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದ ವಿವೇಕ ಪವಾರ 2005ರಲ್ಲಿ ಹುಬ್ಬಳ್ಳಿಯಲ್ಲಿ ಸಂಕಲ್ಪ ಸೆಮಿಕಂಡಕ್ಟರ್ ಕಟ್ಟಿದರು. ಚಿಪ್ ವಿನ್ಯಾಸದಲ್ಲಿಯೇ ಅನಲಾಗ್ ಮತ್ತು ಮಿಶ್ರ ಸಂಕೇತಗಳ ಸಣ್ಣ, ಆದರೆ ಕಠಿಣವಾದ ವಿಭಾಗವನ್ನು ಅವರು ಆರಿಸಿಕೊಂಡರು. ಇಂಥ ಕೆಲಸಕ್ಕೆ ಸಿದ್ಧವಾದ ಜನ ಯಾವ ಊರಿನಲ್ಲೂ ಗುಂಪಾಗಿ ಸಿಗುವುದಿಲ್ಲ. ತರಬೇತಿ ಕೊಟ್ಟೇ ಬೆಳೆಸಬೇಕು. ಆದ್ದರಿಂದ ಬೆಂಗಳೂರಿನಲ್ಲಿ ಇಲ್ಲದಿರುವುದು ಅಂಥ ಕೊರತೆಯೇನೂ ಆಗಲಿಲ್ಲ. ಕಂಪನಿ ಬೇರೆ ನಗರಗಳಿಗೂ ಹಬ್ಬಿತು. 2019ರಲ್ಲಿ ಎಚ್‌ಸಿಎಲ್ ಅದನ್ನು ಸುಮಾರು 180 ಕೋಟಿ ರೂಪಾಯಿಗೆ ಕೊಂಡಿತು. ಸರ್ಕಾರದ ಭೂಮಿಗಾಗಿ, ದೊಡ್ಡ ಕ್ಯಾಂಪಸ್ಸಿಗಾಗಿ ನಡೆದ ಚರ್ಚೆಯ ಹತ್ತರಲ್ಲಿ ಒಂದು ಪಾಲೂ ಈ ಕಂಪನಿಯ ಬಗ್ಗೆ ಇಲ್ಲಿ ನಡೆಯಲಿಲ್ಲ ಎಂಬುದು ನಮ್ಮ ಗ್ರಹಿಕೆಯ ದೋಷ.

ಹುಬ್ಬಳ್ಳಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಕಟ್ಟಿದ ಗುರುರಾಜ ದೇಶಪಾಂಡೆ ಅವರ ಪ್ರತಿಷ್ಠಾನ ಇಲ್ಲಿ ಕೌಶಲ ತರಬೇತಿ ನಡೆಸುತ್ತಿದೆ, ನವೋದ್ಯಮಗಳಿಗೆ ನೆಲೆ ಒದಗಿಸುತ್ತಿದೆ. ರಾಜ್ಯ ಸರ್ಕಾರ 'ಬಿಯಾಂಡ್ ಬೆಂಗಳೂರು' ಎನ್ನುತ್ತ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಸಮೂಹವೆಂದು ಗುರುತಿಸಿದೆ. 2024ರ ನವೆಂಬರಿನಲ್ಲಿ ಪ್ರಕಟವಾದ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇಟ್ಟಿದೆ. ಅವುಗಳಲ್ಲಿ ಎಷ್ಟು ತುಂಗಭದ್ರೆ ದಾಟಿ ಬಂದಾವೋ ಕಾದು ನೋಡಬೇಕು. ಇದನ್ನು ನೆಚ್ಚಿ ಇಂದಿನ ವಿದ್ಯಾರ್ಥಿ ಯೋಜನೆ ಹಾಕುವಂತಿಲ್ಲ.

ಅವನು, ಅವಳು ನೆಚ್ಚಬಹುದಾದದ್ದು ಸ್ವಂತ ಸಿದ್ಧತೆಯನ್ನು. ಈ ಸಿದ್ಧತೆ ಏಳನೇ ಸೆಮಿಸ್ಟರಿನಲ್ಲಿ ಆರಂಭವಾದರೆ ತಡವಾಯಿತೆಂದೇ ಅರ್ಥ. ಎರಡನೇ ವರ್ಷದ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್ ವಿಷಯಗಳನ್ನು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ನೋಡಿ ಪಾಸಾಗಿ, ಕೊನೆಯ ವರ್ಷ ಮೂರು ತಿಂಗಳ ಕೋರ್ಸಿಗೆ ದುಡ್ಡು ಸುರಿಯುವುದು ಇಲ್ಲಿನ ಸಾಮಾನ್ಯ ಚಿತ್ರ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಇದು ಇನ್ನಷ್ಟು ದುಬಾರಿಯಾಗಿದೆ. ಹಿಂದೆ ಹೊಸಬರಿಗೆಂದೇ ಮೀಸಲಿದ್ದ ಕೆಲಸಗಳು ಸಣ್ಣ ದೋಷ ತಿದ್ದುವುದು, ಪರೀಕ್ಷಾ ಕೋಡ್ ಬರೆಯುವುದು, ಒಂದು ಪುಟ ವಿನ್ಯಾಸ ಮಾಡುವುದು. ಅದನ್ನೆಲ್ಲ ಈಗ ಯಂತ್ರ ನಿಮಿಷದಲ್ಲಿ ಒಪ್ಪಿಸುತ್ತದೆ. ಒಪ್ಪಿಸಿದ್ದರಲ್ಲಿ ತಪ್ಪು ಎಲ್ಲಿದೆಯೆಂದು ಹೇಳಬಲ್ಲವನಿಗೆ ಮಾತ್ರ ಸಂಬಳ. ತಪ್ಪು ಹಿಡಿಯಲು ಬುನಾದಿ ಬೇಕು. ಆ ಬುನಾದಿ ಎರಡನೇ ವರ್ಷದ ಪಠ್ಯದಲ್ಲಿಯೇ ಇದೆ. ಕಾಲೇಜಿನ ಪಾಠ ಸಾಲದೆನಿಸಿದರೆ ಐಐಟಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ಲಭ್ಯ.

ಅಂತಿಮ ವರ್ಷದ ಪ್ರಾಜೆಕ್ಟ್ ಇನ್ನೊಂದು ಕಳೆದುಹೋಗುವ ಅವಕಾಶ. ಹಣ ಕೊಟ್ಟು ಕೊಂಡ ಪ್ರಾಜೆಕ್ಟಿನ ಬಣ್ಣ ಸಂದರ್ಶನದ ಮೂರನೇ ಪ್ರಶ್ನೆಗೆ ಬಯಲಾಗುತ್ತದೆ. ವಸ್ತುವಿಗಾಗಿ ದೂರ ಹೋಗಬೇಕಿಲ್ಲ. ಅಮರಗೋಳ ಎಪಿಎಂಸಿಯ ಆವಕ ಮತ್ತು ಧಾರಣೆಯನ್ನು ರೈತನ ಮೊಬೈಲಿಗೆ ಕನ್ನಡದಲ್ಲಿ ಮುಟ್ಟಿಸುವುದು, ಚಿಗರಿ ಬಸ್ಸುಗಳ ದಟ್ಟಣೆ ಲೆಕ್ಕ ಹಾಕುವುದು, ಸರಕು ಸಾಗಣೆ ಲಾರಿ ಖಾಲಿ ಮರಳದಂತೆ ಹೊಂದಾಣಿಕೆ ಮಾಡುವುದು, ಇವೆಲ್ಲ ಈ ಊರೇ ಕೊಡುವ ಸಮಸ್ಯೆಗಳು. ವಿಆರ್‌ಎಲ್‌ನಂಥ ಸಾರಿಗೆ ಸಂಸ್ಥೆಯ ಕೇಂದ್ರಸ್ಥಾನ ಇಲ್ಲಿದೆ, ಧಾರವಾಡದಲ್ಲಿ ಟಾಟಾ ಬಸ್ ಕಾರ್ಖಾನೆ ಇದೆ, ಕವಾಟ ತಯಾರಿಸುವ ಉದ್ಯಮಗಳಿವೆ. ಕಂಪ್ಯೂಟರ್ ಪದವೀಧರನ ಕೆಲಸ ಐಟಿ ಕಂಪನಿಯಲ್ಲಿ ಮಾತ್ರ ಎಂಬ ಕಲ್ಪನೆಯನ್ನು ಕಾಲೇಜುಗಳ ಉದ್ಯೋಗ ವಿಭಾಗಗಳೇ ಮೊದಲು ಬಿಡಬೇಕು. ಊರಿನ ಸಣ್ಣ ಸಂಸ್ಥೆಯೊಂದು ಕಡಿಮೆ ಸಂಬಳಕ್ಕೆ ಕರೆದರೆ, ಅಲ್ಲಿ ನಿಜವಾದ ಗ್ರಾಹಕರಿಗಾಗಿ ನಿಜವಾದ ಕೋಡ್ ಬರೆಯುವುದಿದ್ದರೆ, ಮನೆಯಲ್ಲಿ ಕೂತು ದಿನಾಂಕ ಕಾಯುವುದಕ್ಕಿಂತ ಅದು ಖಂಡಿತ ಮೇಲು. ಆದರೆ ನೌಕರಿ ಕೊಡಿಸುತ್ತೇವೆಂದು ಮುಂಗಡ ಕೇಳುವವರ, ಮೂಲ ಅಂಕಪಟ್ಟಿ ಒತ್ತೆ ಇಡಿಸಿಕೊಳ್ಳುವವರ ಹೊಸ್ತಿಲು ತುಳಿಯಬಾರದು.

ಇಂಗ್ಲಿಷಿನ ಭಯದ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಿಂದ ಬಂದವರು ಗುಂಪು ಚರ್ಚೆಯಲ್ಲಿ ಮೌನವಾಗುವುದು ಬುದ್ಧಿ ಸಾಲದೆ ಅಲ್ಲ, ಅಭ್ಯಾಸ ಸಾಲದೆ. ತಾನು ಬರೆದ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆಂದು ಗೆಳೆಯರ ಮುಂದೆ ದಿನಕ್ಕೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿವರಿಸುತ್ತ ಹೋದರೆ ಆರು ತಿಂಗಳಲ್ಲಿ ನಾಲಗೆ ತಿರುಗುತ್ತದೆ. ವ್ಯಕ್ತಿತ್ವ ವಿಕಸನ ಶಿಬಿರಗಳಿಗಿಂತ ಇದು ಅಗ್ಗ.

ಇನ್ನು ಧಾರವಾಡಕ್ಕೆ ಬಂದರೆ ಕಾಯುವಿಕೆಯ ಮತ್ತೊಂದು ಮುಖ ಕಾಣುತ್ತದೆ. ಸಪ್ತಾಪುರದ ಕೋಚಿಂಗ್ ಕೇಂದ್ರಗಳಲ್ಲಿ, ವಾಚನಾಲಯಗಳಲ್ಲಿ ಎಂಜಿನಿಯರಿಂಗ್ ಪದವೀಧರರೂ ಕೆಎಎಸ್, ಪಿಎಸ್ಐ, ಎಫ್‌ಡಿಎ ಪುಸ್ತಕಗಳ ಮುಂದೆ ಕೂತಿದ್ದಾರೆ. ತಪ್ಪೇನಿಲ್ಲ. ಆದರೆ 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು 2024ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ನಿರ್ಧರಿಸಿತ್ತು. ಯುವನಿಧಿಯ ತಿಂಗಳ 3,000 ರೂಪಾಯಿ ಗರಿಷ್ಠ ಎರಡು ವರ್ಷಕ್ಕೆ ಮುಗಿಯುತ್ತದೆ. ಸಾಫ್ಟ್‌ವೇರ್ ಕ್ಷೇತ್ರವೂ ಎರಡು ವರ್ಷದ ಬಿಡುವನ್ನು ಸುಲಭವಾಗಿ ಕ್ಷಮಿಸುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಡುವವರು ಯಾವ ತಿಂಗಳು ಒಂದರಿಂದ ಇಳಿಯಬೇಕೆಂದು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಊರಿನಲ್ಲಿ ಕೆಲಸವಿಲ್ಲದಿರುವುದರ ಪೆಟ್ಟು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳಿಗೆ. ಮಗನನ್ನು ಬೆಂಗಳೂರಿಗೆ ಕಳಿಸುವ ಮನೆ ಮಗಳ ವಿಷಯದಲ್ಲಿ ಹಿಂದೆಮುಂದೆ ನೋಡುತ್ತದೆ. ಇದೇ ಬಿವಿಬಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ, ಮಹಿಳೆಯರು ಅರ್ಜಿ ಹಾಕುವುದು ಬೇಡವೆಂದ ಟೆಲ್ಕೊ ಜಾಹೀರಾತನ್ನು ಪ್ರಶ್ನಿಸಿ ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡ್ ಬರೆದದ್ದು 1974ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ ಜಾಹೀರಾತು ಬದಲಾಗಿದೆ, ಮನೆಯ ಅಂಜಿಕೆ ಅಷ್ಟಾಗಿ ಬದಲಾಗಿಲ್ಲ. ಗೋಕುಲ ರಸ್ತೆಯ ಕ್ಯಾಂಪಸ್ ಹೊಸಬರಿಗೂ ತೆರೆದರೆ ಮೊದಲ ಲಾಭ ಇವರಿಗೆ. ಜನಪ್ರತಿನಿಧಿಗಳು ಸದನದಲ್ಲಿ ಎಕರೆ ಲೆಕ್ಕದ ಜೊತೆ ಈ ಲೆಕ್ಕವನ್ನೂ ಕೇಳಬಹುದು.

ಪಾಲಕರು ಕೇಳಬೇಕಾದ ಲೆಕ್ಕ ಬೇರೆ. ಪ್ರವೇಶದ ಕಾಲದಲ್ಲಿ ರಸ್ತೆ ಬದಿಯ ಫಲಕಗಳಲ್ಲಿ ಕಾಣುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯ ಭಾವಚಿತ್ರ. ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯಾದ ಎನ್ಐಆರ್‌ಎಫ್‌ಗೆ ಸಲ್ಲಿಸುವ ಮಾಹಿತಿಯಲ್ಲಿ ಕಾಲೇಜುಗಳು ಉದ್ಯೋಗ ಪಡೆದವರ ಸಂಖ್ಯೆಯನ್ನೂ, ಮಧ್ಯಮಾಂಕದ ಸಂಬಳವನ್ನೂ ತೋರಿಸಬೇಕು, ಅದನ್ನು ತಮ್ಮ ಅಂತರಜಾಲ ತಾಣದಲ್ಲಿ ಹಾಕಬೇಕು. ಫಲಕ ಬಿಟ್ಟು ಆ ಪುಟ ತೆರೆದು ನೋಡಿದರೆ ತರಗತಿಯ ನಡುವಿನ ವಿದ್ಯಾರ್ಥಿಗೆ ಏನು ಸಿಕ್ಕಿತೆಂದು ತಿಳಿಯುತ್ತದೆ. ಆಯ್ಕೆಯಾದವರಲ್ಲಿ ಎಷ್ಟು ಮಂದಿ ನಿಜಕ್ಕೂ ಕೆಲಸಕ್ಕೆ ಹಾಜರಾದರು, ಎಷ್ಟು ತಿಂಗಳು ಕಾದು ಹಾಜರಾದರು ಎಂಬ ಕಾಲಂ ಮಾತ್ರ ಅದರಲ್ಲೂ ಇಲ್ಲ. ಅದನ್ನು ಪ್ರವೇಶ ಶುಲ್ಕ ಕಟ್ಟುವ ಮೊದಲು ಬಾಯಿಬಿಟ್ಟೇ ಕೇಳಬೇಕು.