ಮೂರು ತಿಂಗಳ ಮಟ್ಟಿಗೆ ಬೆಂಗಳೂರಲ್ಲಿ ಎಲ್ಲಿ ಇರಬೇಕು?



ಡಿಗ್ರಿ ರಿಸಲ್ಟ್ ಬಂತು ಅಂದ್ರೆ ನಮ್ಮ ಕಂದಿಕೆರೆ ಹೋಬಳಿಯಿಂದ, ಹುಳಿಯಾರು, ತುರುವೇಕೆರೆ ಕಡೆಯಿಂದ ಫೋನ್ ಬರೋಕೆ ಶುರುವಾಗುತ್ತೆ. "ಅಣ್ಣ, ಮೂರು ತಿಂಗಳು ಕೋಚಿಂಗ್‌ಗೆ ಹೋಗ್ತಿದೀನಿ, ಯಾವ ಏರಿಯಾದಲ್ಲಿ ರೂಮ್ ಮಾಡ್ಲಿ?" ಕೆಲವರಿಗೆ ಅಮ್ಮನನ್ನ ಕಿದ್ವಾಯಿ ಆಸ್ಪತ್ರೆಗೆ ತೋರಿಸಬೇಕಿರುತ್ತೆ, ಕೆಲವರಿಗೆ ಟ್ರೈನಿಂಗ್ ಇರುತ್ತೆ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಬೇರೆಯವರು ಏರಿಯಾ ನೋಡುವಾಗ ನೀರು, ಬಸ್ಸು, ಬಾಡಿಗೆ ಈ ಮೂರನ್ನ ನೋಡ್ತಾರೆ. ನಾವು ಇವೆಲ್ಲಕ್ಕಿಂತ ಮೊದಲು ಇನ್ನೊಂದು ನೋಡಬೇಕು: ಅಲ್ಲಿ ನಮಗೆ ಬಾಗಿಲು ತೆಗೀತಾರಾ ಅಂತ.

"ನಿಮ್ಮದು ಯಾವ ಜಾತಿ" ಅಂತ ಬೆಂಗಳೂರಲ್ಲಿ ನೇರವಾಗಿ ಕೇಳೋರು ಕಮ್ಮಿ. ಸುತ್ತಿಬಳಸಿ ಕೇಳ್ತಾರೆ. ನೀವು ವೆಜ್ಜಾ? ಮನೆದೇವರು ಯಾವುದು? ನಮ್ಮ ಕಡೆಯವರಿಗೆ ಅಂತಲೇ ಒಂದು ಪ್ರಶ್ನೆ ಇದೆ. ಹೋದ ವರ್ಷ ಅಕ್ಕನ ಮಗಳಿಗೆ ರೂಮ್ ಹುಡುಕ್ತಿದ್ದಾಗ ಒಬ್ಬ ಓನರ್ ಬಹಳ ಪ್ರೀತಿಯಿಂದ ಮಾತಾಡಿಸಿದರು. "ಓ, ತಿಪಟೂರು ಕಡೆಯವರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ತೋಟ ಎಷ್ಟು ಎಕರೆ ಇದೆ?" ತೆಂಗಿನ ಸೀಮೆಯವರು ಅಂದ್ರೆ ತೋಟ ಇದ್ದೇ ಇರುತ್ತೆ ಅಂತ ಅವರ ಲೆಕ್ಕ. ತೋಟ ಇಲ್ಲ ಸರ್, ಅವರಪ್ಪ ಕಾಯಿ ಸುಲಿಯೋ ಕೆಲಸ ಮಾಡ್ತಾರೆ ಅಂದೆ. ಆಮೇಲೆ ಆಧಾರ್ ಕಾಪಿ ಕೊಟ್ಟೆವು. ಅದರಲ್ಲಿ ವಿಳಾಸ ಅಚ್ಚಾಗಿದೆಯಲ್ಲ, ಎ.ಕೆ. ಕಾಲೋನಿ ಅಂತ. ಸಾಯಂಕಾಲ ಫೋನ್ ಬಂತು: "ಸಾರಿ, ನಮ್ಮ ತಮ್ಮ ಆಗ್ಲೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದಾನೆ." ಹದಿನೈದು ದಿನ ಆದಮೇಲೂ ಆ ಗೇಟಿನಲ್ಲಿ ಟು-ಲೆಟ್ ಬೋರ್ಡು ನೇತಾಡ್ತಾನೇ ಇತ್ತು.

ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗೋ ಕಾಯಿಗೆ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಜಾಗ ಕೊಡ್ತಾರೆ. ಆ ಕಾಯಿ ಸುಲಿದವನ ಮಗಳಿಗೆ ಬೆಂಗಳೂರಲ್ಲಿ ಮೂರು ತಿಂಗಳಿಗೆ ಒಂದು ರೂಮು ಸಿಗಲ್ಲ.

ಇದೇನು ಒಬ್ಬ ಓನರ್ ಕಥೆ ಅಲ್ಲ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಬಾಡಿಗೆ ಮನೆ ಬಗ್ಗೆ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯ್ತು. ಫೋನಿನಲ್ಲೇ ದಲಿತರಲ್ಲಿ ನೂರಕ್ಕೆ 18 ಜನಕ್ಕೆ, ಮುಸ್ಲಿಮರಲ್ಲಿ ನೂರಕ್ಕೆ 31 ಜನಕ್ಕೆ ಮನೆ ಇಲ್ಲ ಅಂದಿದ್ರು. ಮೇಲ್ಜಾತಿಯವರು ಕೇಳಿದಾಗ ಹೆಚ್ಚುಕಮ್ಮಿ ಎಲ್ಲರಿಗೂ ಮನೆ ಇತ್ತು. ಬೆಂಗಳೂರಿನ ಐಐಎಂ ಸಂಶೋಧಕರು ನಮ್ಮ ನಗರಗಳ ಜಾತಿವಾರು ವಾಸವನ್ನ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ: ವಾರ್ಡ್ ಮಟ್ಟದಲ್ಲಿ ನೋಡಿದರೆ ಎಲ್ಲರೂ ಬೆರೆತಂತೆ ಕಾಣುತ್ತೆ, ಬೀದಿಗಳ ಮಟ್ಟಕ್ಕೆ ಇಳಿದರೆ ಊರು ಬೇರೆ, ಕೇರಿ ಬೇರೆ.

ಆಗ ಹಿತೈಷಿಗಳು ಒಂದು ಉಪಾಯ ಹೇಳ್ತಾರೆ. "ಮೂರೇ ತಿಂಗಳು ತಾನೇ? ಗೌಡ್ರು ಅನ್ನು, ಲಿಂಗಾಯತ್ರು ಅನ್ನು. ಯಾರು ಬಂದು ನೋಡ್ತಾರೆ?"

ಹಾಗೆ ಹೇಳಿ ಉಳಿದವರನ್ನ ನಾನು ದೂರಲ್ಲ. 1917ರಲ್ಲಿ ಬರೋಡಾಗೆ ಕೆಲಸಕ್ಕೆ ಹೋದ ಬಾಬಾಸಾಹೇಬರಿಗೂ ಅದನ್ನೇ ಮಾಡಬೇಕಾಯ್ತು. ಕೊಲಂಬಿಯಾದಲ್ಲಿ ಓದಿ ಬಂದವರು ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ತಂಗುಮನೆಯಲ್ಲಿ ರೂಮ್ ಹಿಡಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಬಾಗಿಲಲ್ಲಿ ನಿಂತರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಪಾರ್ಕಿನಲ್ಲಿ ಕೂತಿದ್ದು ರಾತ್ರಿ ಬಾಂಬೆ ರೈಲು ಹತ್ತಿದರು. 'ವೇಯ್ಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನ ಬರೆದಿದ್ದಾರೆ.

ನನಗೆ ಇದರಲ್ಲಿ ಕಾಣೋದು ಇಷ್ಟು: ಜಾತಿ ಮುಚ್ಚಿಟ್ಟರೆ ಸಿಗೋದು ದಿನಗಳು, ಮನೆ ಅಲ್ಲ. ಆ ದಿನಗಳೂ ನೆಮ್ಮದಿಯವಲ್ಲ. ಊರಿಂದ ಅಪ್ಪ ಬಂದರೆ ಏನು ಮಾತಾಡಿಬಿಡ್ತಾರೋ, ಏಪ್ರಿಲ್ 14ಕ್ಕೆ ಸ್ಟೇಟಸ್ ಹಾಕಿದರೆ ಯಾರು ನೋಡ್ತಾರೋ ಅಂತ ಹೆದರಿಕೊಂಡು ಕೆಎಎಸ್ ಪರೀಕ್ಷೆಗೆ ಹೇಗೆ ಓದ್ತೀರಿ?

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಓದಿ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟೋದಕ್ಕೆ, ಕೊಳ್ಳೋದಕ್ಕೆ, ವಾಸ ಮಾಡೋದಕ್ಕೆ ಅಡ್ಡಿ ಮಾಡೋದು ಅಪರಾಧ. ಒಂದರಿಂದ ಆರು ತಿಂಗಳು ಜೈಲು ಅಂತ ಬರೆದಿದೆ. ಆದರೆ "ತಮ್ಮ ಮಾತು ಕೊಟ್ಟುಬಿಟ್ಟಿದ್ದಾನೆ" ಅಂದವರ ಮೇಲೆ ಯಾವ ಸಾಕ್ಷಿ ಹಿಡಿದು ಕೇಸ್ ಹಾಕ್ತೀರಿ? ಸಾಕ್ಷಿ ಇದ್ದರೂ, ಸೋಮವಾರ ಕ್ಲಾಸು ಶುರುವಾಗೋ ಹುಡುಗಿಗೆ ಭಾನುವಾರ ರಾತ್ರಿ ಮಲಗೋಕೆ ಜಾಗ ಬೇಕು. ಆ ಜಾಗವನ್ನ ಕೋರ್ಟು ಕೊಡಲ್ಲ.

ಬೇರೆಯವರಿಗೆ ಅಂಥ ಜಾಗ ಬಹಳ ಹಿಂದೆಯೇ ಸಿದ್ಧವಾಗಿತ್ತು. ನಮ್ಮ ಪಕ್ಕದ ಗುಬ್ಬಿಯ ತೋಟದಪ್ಪನವರು ಬೆಂಗಳೂರು ರೈಲ್ವೆ ಸ್ಟೇಷನ್ ಎದುರು ಛತ್ರ ಕಟ್ಟಿಸಿದರು. ಅದೇ ಧರ್ಮಸಂಸ್ಥೆಯಿಂದ ವೀರಶೈವ ಹುಡುಗರಿಗೆ ಹಾಸ್ಟೆಲ್ ನಡೀತು. ಒಕ್ಕಲಿಗರ ಸಂಘ ಆಗಿದ್ದು 1906ರಲ್ಲಿ, ಅವರಿಗೂ ಹಾಸ್ಟೆಲ್ ಆಯ್ತು. ತಪ್ಪು ಅಂತ ಹೇಳ್ತಿಲ್ಲ. ಹಳ್ಳಿ ಹುಡುಗ ಬಸ್ಸಿಳಿದರೆ ಹೋಗೋಕೆ ಒಂದು ವಿಳಾಸ ಇರಬೇಕು ಅನ್ನೋದು ಅವರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ನಮಗೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇದೆ. ಆದರೆ ಅದು ಕಾಲೇಜಿಗೆ ಅಡ್ಮಿಷನ್ ಆದವರಿಗೆ. ಮೂರು ತಿಂಗಳಿಗೆ ಬರೋರು, ಆಸ್ಪತ್ರೆಗೆ ಬರೋರು ಆ ಲೆಕ್ಕದಲ್ಲೇ ಇಲ್ಲ.

ಈಗ ಫೋನ್ ಮಾಡಿದವರಿಗೆ ನನ್ನ ಉತ್ತರ.

1. ಕೋಚಿಂಗ್ ಸೆಂಟರುಗಳು ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತ ಇವೆ ಅಂತ ಅಲ್ಲೇ ರೂಮ್ ಹುಡುಕಬೇಕಿಲ್ಲ. ನಮ್ಮೂರಿನ ಗಾರ್ಮೆಂಟ್ಸ್, ಫ್ಯಾಕ್ಟರಿ ಕೆಲಸದವರು ದಾಸರಹಳ್ಳಿ, ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ ಕಡೆ ಇದ್ದಾರೆ. ಊರಿನ ಬಸ್ಸು ಬರೋದೂ ಅದೇ ತುಮಕೂರು ರಸ್ತೆಯಲ್ಲಿ. ದಾಸರಹಳ್ಳಿಯಿಂದ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಬಂದು ಲೈನ್ ಬದಲಾಯಿಸಿದರೆ ವಿಜಯನಗರ. ಮೆಟ್ರೊ ದುಬಾರಿ ಅನ್ನಿಸಿದರೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಬಸ್ಸು ಫ್ರೀ ಇದೆ. ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ಆದರೆ ರಾತ್ರಿ ಜ್ವರ ಬಂದರೆ ಬಾಗಿಲು ತಟ್ಟೋಕೆ ಒಬ್ಬ ಚಿಕ್ಕಮ್ಮ ಇರ್ತಾಳೆ.

2. ಮನೆ ನೋಡೋಕೆ ಒಬ್ಬರೇ ಹೋಗಬೇಡಿ. ಅಲ್ಲೇ ಇರೋ ಪರಿಚಯದವರನ್ನ ಕರ್ಕೊಂಡು ಹೋಗಿ. ಮೂರು ತಿಂಗಳಿಗೆ ಅಂದ್ರೆ ಹತ್ತು ತಿಂಗಳ ಅಡ್ವಾನ್ಸ್ ಕಟ್ಟೋದು ಬೇಡ. ಪಿಜಿ ನೋಡಿ, ಇಲ್ಲಾ ಊರಿನವರ ರೂಮಿನಲ್ಲಿ ಪಾಲು ಕೊಡಿ. ಅಡ್ವಾನ್ಸ್ ಕೊಡೋಕೆ ಮುಂಚೆನೇ ಆಧಾರ್ ಕಾಪಿ ಕೊಡಿ. ಇಲ್ಲ ಅನ್ನೋರು ಅವತ್ತೇ ಇಲ್ಲ ಅನ್ನಲಿ, ದುಡ್ಡು ಸಿಕ್ಕಿಹಾಕಿಕೊಳ್ಳೋದು ಬೇಡ.

3. ಮೆಸೇಜಲ್ಲಿ ಜಾತಿ ಕೇಳಿದರೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಕೇಸ್ ಹಾಕೋದು ಬಿಡೋದು ಆಮೇಲಿನ ಮಾತು.

ಇನ್ನು ನಮ್ಮ ಸಂಘಟನೆಯವರಿಗೆ ಒಂದು ಮಾತು. ಬೇಜಾರಾದರೂ ಪರವಾಗಿಲ್ಲ. ನಮ್ಮವರೂ ಬೆಂಗಳೂರಲ್ಲಿ ಮನೆ ಕಟ್ಟಿದ್ದಾರೆ. ಬ್ಯಾಂಕಿನವರಿದ್ದಾರೆ, ಮೇಷ್ಟ್ರಿದ್ದಾರೆ, ಬೆಸ್ಕಾಂನವರಿದ್ದಾರೆ. ಮೇಲಿನ ರೂಮು ಬಾಡಿಗೆಗೂ ಕೊಡ್ತಾರೆ. ಅವರಲ್ಲಿ ಕೆಲವರು "ನೀವು ಎಡಗೈನಾ, ಬಲಗೈನಾ?" ಅಂತ ಕೇಳಿ ಕೊಡ್ತಾರೆ. ಅದೂ "ತೋಟ ಎಷ್ಟು ಎಕರೆ" ಅನ್ನೋ ಪ್ರಶ್ನೆಯ ತಮ್ಮನೇ. ನಾವು ವೇದಿಕೆ ಮೇಲೆ ಒಗ್ಗಟ್ಟು ಅಂತೀವಿ. ಆ ಒಗ್ಗಟ್ಟು ಬಾಡಿಗೆ ರೂಮಿನ ಬಾಗಿಲಲ್ಲೂ ಇರಬೇಕಲ್ವಾ?

ಸರ್ಕಾರವನ್ನ ಕೇಳೋಣ. ಬೆಂಗಳೂರಿನ ಪ್ರತಿ ಸಮಾಜ ಕಲ್ಯಾಣ ಹಾಸ್ಟೆಲ್ಲಿನಲ್ಲಿ ಪರೀಕ್ಷೆಗೆ, ಆಸ್ಪತ್ರೆಗೆ ಬರೋರಿಗೆ ಅಂತ ಕೆಲವು ರೂಮು ತೆಗೆದಿಡಲಿ. ಕೋಚಿಂಗ್‌ಗೆ ಸ್ಟೈಪೆಂಡ್ ಕೊಡೋ ಇಲಾಖೆ, ಆ ಸ್ಟೈಪೆಂಡ್ ಹಿಡ್ಕೊಂಡು ಈ ಮಕ್ಕಳು ಯಾರ ಬಾಗಿಲಿಗೆ ಹೋಗಬೇಕು ಅನ್ನೋದನ್ನೂ ಯೋಚನೆ ಮಾಡಲಿ. ಈ ಬೇಡಿಕೆಯನ್ನ ಮುಂದಿನ ತಾಲ್ಲೂಕು ಸಭೆಯಲ್ಲಿ ಇಡ್ತೀನಿ, ಜೊತೆಗೆ ನಿಲ್ಲಿ.

ಸರ್ಕಾರ ಕೊಡೋವರೆಗೆ ನಾವೇ ಒಂದು ಪಟ್ಟಿ ಮಾಡೋಣ. ಬೆಂಗಳೂರಲ್ಲಿ ಒಂದು ರೂಮು, ಒಂದು ಹಾಸಿಗೆಯಷ್ಟು ಜಾಗ ಕೊಡೋಕೆ ಆಗೋರು ನನಗೆ ಮೆಸೇಜ್ ಮಾಡಿ. ಕಾಮೆಂಟಲ್ಲಿ ನಂಬರ್ ಹಾಕಬೇಡಿ. ಬಾಡಿಗೆ ತಗೊಳ್ಳಿ, ನ್ಯಾಯವಾದ ಬಾಡಿಗೆ ತಗೊಳ್ಳಿ. ಪ್ರಶ್ನೆ ಮಾತ್ರ ಒಂದೇ ಕೇಳಿ: "ಊಟ ಆಯ್ತಾ?"

ಜೈಭೀಮ್.